ತಾಯಿಸಾಹೇಬರ ಗಾಲೀಚಾ

ಯಾರದಾದರೂ ಮನೆಗೆ ಹೋದರೆ ನೆಲಕ್ಕೆ ಹಾಸಿದ್ದರ ಅಂಚನ್ನು ಊರುಗೋಲಿನ ತುದಿಯಿಂದ ಸ್ವಲ್ಪ ಎತ್ತಿ ನೋಡುವ ಚಟ ನನಗಿದೆ. ಒಳ್ಳೆಯ ಚಟವಲ್ಲ. ಹೋದ ತಿಂಗಳು ಅಣ್ಣನ ಮಗಳು ಸುನಂದಾ ಇಚಲಕರಂಜಿಯಲ್ಲಿ ಹೊಸ ಮನೆ ಮಾಡಿ ನನ್ನನ್ನು ಕರೆದಿದ್ದಳು. ನಡುಮನೆಯಲ್ಲಿ ಹೂಬಳ್ಳಿಯ ಗಾಲೀಚಾ. ಅವಳು ಚಹಾ ತರಲು ಒಳಗೆ ಹೋದದ್ದೇ ತಡ, ನನ್ನ ಕೋಲು ತನ್ನ ಕೆಲಸಕ್ಕೆ ಇಳಿಯಿತು. ತಟ್ಟೆ ಹಿಡಿದು ಬಂದವಳು ನೋಡಿಯೇಬಿಟ್ಟಳು.

“ಅತ್ತಿ, ಏನ್ ಹುಡಕಾಕತ್ತೀರಿ?”

“ಏನಿಲ್ಲವಾ. ಕೆಳಗ ಎಂಥಾ ಫರಶಿ ಹಾಕೀರಿ ನೋಡೂಣಂತ.”

ಸುಳ್ಳು ಹೇಳಿದೆ. ನಾನು ನೋಡುವುದು ನೆಲದ ಕಲ್ಲನ್ನಲ್ಲ. ಆದರೆ ಹೊಸ ಮನೆಯಲ್ಲಿ, ಅದೂ ಕೈಯಲ್ಲಿ ಬಿಸಿ ಚಹಾ ಹಿಡಿದ ಹುಡುಗಿಗೆ ಅದನ್ನೆಲ್ಲ ಹೇಳುವುದು ಹೇಗೆ. ನಿಮಗಾದರೆ ಹೇಳಬಹುದು. ನೀವು ಕೂತಿದ್ದೀರಿ, ನಿಮ್ಮ ನೆಲ ನಿಮಗೆ ಗೊತ್ತಿದೆ.

ಕನ್ನಡ ಪುಸ್ತಕಗಳಲ್ಲಿ ಗಾಲೀಚಕ್ಕೆ ರತ್ನಗಂಬಳಿ ಎನ್ನುತ್ತಾರೆ. ಶಾಲೆಯಲ್ಲಿ ಮೊದಲ ಸಲ ಆ ಶಬ್ದ ಬಂದಾಗ, ರತ್ನ ಪೋಣಿಸಿದ ಕಂಬಳಿ ಹೊದ್ದುಕೊಂಡರೆ ಮೈಗೆ ಚುಚ್ಚುವುದಿಲ್ಲವೇ ಎಂದು ಮಾಸ್ತರರನ್ನು ಕೇಳಿದ್ದೆ. ಅದು ಹೊದೆಯುವುದಲ್ಲ, ತುಳಿಯುವುದು ಎಂದರು ಅವರು. ಅಷ್ಟು ಒಳ್ಳೆಯ ಹೆಸರಿಟ್ಟು ತುಳಿಯುತ್ತಾರಲ್ಲ ಎಂದು ನನಗೆ ಸೋಜಿಗವಾಗಿತ್ತು. ತುಳಿಯುವ ಭಾಗ್ಯ ನನಗೇನೂ ಇರಲಿಲ್ಲ ಬಿಡಿ. ನಾಲ್ಕನೆಯ ವರ್ಷ ಸುಳಕೂಡದ ಅಜ್ಜಿಯ ಮನೆಯಲ್ಲಿದ್ದಾಗ ಒಂದು ಜ್ವರ ಬಂತು. ಹೋಗುವಾಗ ಎರಡೂ ಕಾಲಿನ ಬಲವನ್ನು ಒಯ್ದಿತು. ಬಲಗಾಲಿನದನ್ನು ಅರ್ಧ ಹಿಂದಕ್ಕೆ ಕೊಟ್ಟಿತು, ಎಡಗಾಲಿನದನ್ನು ಇಟ್ಟುಕೊಂಡಿತು. ಕೋಲು ಹಿಡಿದರೆ ಹತ್ತು ಹೆಜ್ಜೆ ಹೋಗಬಲ್ಲೆ. ಮನೆಯೊಳಗಾದರೆ ಕೋಲಿನ ಗೊಡವೆಯೇ ಬೇಡ. ಎರಡೂ ಅಂಗೈ ನೆಲಕ್ಕೂರಿ ಮೈಯೆತ್ತುವುದು, ಮುಂದಕ್ಕೆ ಸರಿಯುವುದು, ಕಾಲನ್ನು ಹಿಂದಿನಿಂದ ಎಳೆದುಕೊಳ್ಳುವುದು. ಧಪ್, ಸರ್‍ರ್. ಧಪ್, ಸರ್‍ರ್. ನಮ್ಮ ಮನೆಯಲ್ಲಿ ಗಂಗಾ ಬಂದಳು ಎನ್ನುವುದಕ್ಕೆ ಕಣ್ಣು ಬೇಕಿರಲಿಲ್ಲ.

ನಾವು ಬಡಿಗೇರರು. ಸಂಕೇಶ್ವರದ ಕಡೆಯಿಂದ ಬಂದು ಗಡಹಿಂಗ್ಲಜದಲ್ಲಿ ನೆಲೆ ನಿಂತವರು. ಅಪ್ಪ ಎತ್ತಿನ ಬಂಡಿ ಮಾಡುತ್ತಿದ್ದ. ಅಪ್ಪ ಹೋದ ಮೇಲೆ ಅಣ್ಣ ಮಾರುತಿ ಅದೇ ಅಂಗಳದಲ್ಲಿ ಮೋಟಾರಿನ ಮೈ ಕಟ್ಟುವ ಕಾರಖಾನೆ ಇಟ್ಟ. ಕಾರಖಾನೆ ಎಂದರೆ ತಗಡಿನ ಒಂದು ಚಪ್ಪರ, ಇಬ್ಬರು ಕೆಲಸಗಾರರು, ಮತ್ತು ನಾನು. ಬಸ್ಸಿನ ಸೀಟುಗಳಿಗೆ ಗವಸು ಹೊಲಿಯುವುದು ನನ್ನ ಪಾಲು. ಕಾಲಿನ ಮಶೀನು ನನ್ನ ಮಾತು ಕೇಳದ್ದರಿಂದ ಕೈಮಶೀನು. ಒಳಗೆ ಅವ್ವ ಮತ್ತು ತಂಗಿ ಕಮಲಿ. ಇದು ಅರವತ್ತರ ದಶಕದ ಮೊದಲ ವರ್ಷಗಳ ಮಾತು. ಕಮಲಿಗೆ ಆಗ ಹತ್ತೊಂಬತ್ತು, ನನಗೆ ಇಪ್ಪತ್ತಾರು.

ಒಂದು ಮಂಗಳವಾರ ಇಚಲಕರಂಜಿಯ ಭೂಪಾಲಣ್ಣನ ಕಡೆಯಿಂದ ಒಂದು ಮೋಟಾರು ಬಂತು. ಭೂಪಾಲಣ್ಣ ಸೀರೆಯ ವ್ಯಾಪಾರಿ, ಜೈನರವರು. ಉತ್ತೂರ, ಆಜರಾ, ಚಂದಗಡದ ಸಂತೆಗಳಿಗೆ ಸೀರೆ ಒಯ್ದು ಮಾರಲು ಅವರಿಗೆ ಒಂದು ಮೋಟಾರು ಬೇಕಿತ್ತು. ಕೊಲ್ಹಾಪುರದ ಕಡೆಯ ಯಾರೋ ಸರದಾರರ ವಾಡೆಯಿಂದ ಹಳೆಯದೊಂದನ್ನು ಕೊಂಡಿದ್ದರು. ಅದು ಸಾಮಾನ್ಯ ಮೋಟಾರಲ್ಲ. ಲಾರಿಯ ಮೇಲೆ ಒಂದು ಮನೆಯನ್ನೇ ಕೂರಿಸಿದಂತಿತ್ತು. ಒಳಗೆ ಮಂಚ, ಕಪಾಟು, ಮುಖ ತೊಳೆಯಲು ಹಿತ್ತಾಳೆಯ ಬೋಗುಣಿ, ಕಿಟಕಿಗಳಿಗೆ ಬಣ್ಣ ಹೋದ ಪರದೆ. ನಮ್ಮಲ್ಲಿ ಎಲ್ಲರೂ ಅದಕ್ಕೆ ‘ಮನೀ ಮೋಟಾರು’ ಎಂದರು. ನೆಲದ ತುಂಬ ಕುಂಕುಮಕೆಂಪು ಗಾಲೀಚಾ, ಗೋಡೆಯಿಂದ ಗೋಡೆಗೆ, ಸುತ್ತಲೂ ಮೊಳೆ ಹೊಡೆದು, ಕೆಳಗೆ ಹುಣಸೆಬೀಜದ ಅಂಟು ಬಳಿದು ಕೂರಿಸಿದ್ದು. ತೊಯ್ದು ಒಣಗಿದ ಉಣ್ಣೆಯ, ಹಳೆಯ ಅತ್ತರಿನ, ಇನ್ನೂ ಏನೋ ಒಂದರ ವಾಸನೆ.

“ಮೊದಲ ಆ ಗಾಲೀಚಾ ಕಿತ್ತ ಒಗೀರಿ,” ಎಂದು ಭೂಪಾಲಣ್ಣ ಹೇಳಿ ಕಳಿಸಿದ್ದರು. “ಆಮ್ಯಾಲ ಎರಡೂ ಕಡೆ ಫಳಿ ಹೊಡೀರಿ, ಸೀರಿ ಇಡಾಕ.”

ಮೋಟಾರು ನಡೆಸಿಕೊಂಡು ಬಂದವರು ದಾದೂ ಮಾಮಾ. ಅರವತ್ತರ ಹತ್ತಿರದ, ಒಣಗಿದ ಮೈಯ ಮನುಷ್ಯ. ಸರದಾರರ ಹತ್ತಿರ ಇದೇ ಮೋಟಾರಿಗೆ ಡ್ರೈವರ್ ಆಗಿದ್ದವರಂತೆ. ಮೋಟಾರಿನ ಸಂಗಡ ಅವರನ್ನೂ ಭೂಪಾಲಣ್ಣ ಇಟ್ಟುಕೊಂಡಿದ್ದರು. ಕೆಲಸ ಮುಗಿಯುವವರೆಗೆ ಅವರು ನಮ್ಮಲ್ಲೇ ಇರುವುದೆಂದಾಯಿತು. ಅವರು ದಿನವಿಡೀ ಚಪ್ಪರದ ಕೆಳಗೆ ಕೂತು ಮೋಟಾರನ್ನು ನೋಡುತ್ತಿದ್ದರು. ಒಳಗೆ ಮಾತ್ರ ಒಮ್ಮೆಯೂ ಕಾಲಿಡಲಿಲ್ಲ. ಒಳಗಿಟ್ಟಿದ್ದ ಅವರದೇ ಚಹಾದ ಲೋಟವನ್ನು ನಮ್ಮ ಕೈಯಿಂದ ತರಿಸಿಕೊಂಡರು.

ಕೆಲಸಗಾರರಿಬ್ಬರೂ ಅರ್ಧ ದಿನಕ್ಕೇ ಕೈಬಿಟ್ಟರು. ಮಂಚ ಕಪಾಟುಗಳ ನಡುವೆ ಬಗ್ಗಿ ಬಗ್ಗಿ ಸೊಂಟ ಹಿಡಿಯಿತು ಎಂದು ಒಬ್ಬ. ಇನ್ನೊಬ್ಬ ತುಕಾರಾಮ, ಒಳ್ಳೆಯ ಆಳು, ಸುಳ್ಳು ಹೇಳುವವನಲ್ಲ. ಅವನು ಹಣೆ ಒರೆಸಿಕೊಳ್ಳುತ್ತ, “ಮಾರುತ್ಯಣ್ಣಾ, ಬೆನ್ನ ಹಿಂದ ಯಾರೋ ಕುಂತಂಗ ಆಕ್ಕೈತಿ. ನಿಂತವರಲ್ಲ, ಕುಂತವರು. ನನ್ನ ಕೈಲಿ ಆಗೂದಿಲ್ಲ,” ಎಂದ.

“ನಾ ಮಾಡ್ತೀನಿ,” ಎಂದೆ ನಾನು. ಅಣ್ಣ ನಕ್ಕ. ಆದರೆ ಯೋಚಿಸಿ ನೋಡಿ. ನಿಂತವರಿಗೆ ಬಗ್ಗಬೇಕಾಗುತ್ತದೆ. ನಾನು ಆಗಲೇ ನೆಲದ ಮೇಲಿದ್ದೆ. ಇಂಥ ಅನುಕೂಲ ನನಗೆ ಜೀವನದಲ್ಲಿ ಪದೇಪದೇ ಸಿಕ್ಕದ್ದಲ್ಲ.

ಮರುದಿನ ಅಣ್ಣನೂ ತುಕಾರಾಮನೂ ನನ್ನನ್ನು ಎತ್ತಿ ಮೆಟ್ಟಿಲ ಮೇಲೆ ಕೂರಿಸಿದರು. ಅಲ್ಲಿಂದ ನಾನೇ ಒಳಗೆ ಸರಿದೆ. ಒಂದು ಇಕ್ಕಳ, ಚಮ್ಮಾರನ ಬಾಗಿದ ಚೂರಿ, ಕಿತ್ತಲಿಯಲ್ಲಿ ಬಿಸಿನೀರು, ಕೂರಲು ಗೋಣಿಯ ಮಡಿಕೆ. ಇಡೀ ಗಾಲೀಚಾ ಎಳೆಯುವುದು ನನ್ನಿಂದ ಆಗದ್ದು. ಆದ್ದರಿಂದ ಗೇಣಗಲದ ಪಟ್ಟಿ ಕೊಯ್ಯುವುದು, ಅಂಚಿನ ಮೊಳೆ ಕೀಳುವುದು, ನೀರು ಚಿಮುಕಿಸಿ ಅಂಟು ಸಡಿಲಾಗುವವರೆಗೆ ಕಾಯುವುದು, ಪಟ್ಟಿಯನ್ನು ಸುರುಳಿ ಸುತ್ತುತ್ತ ಎಬ್ಬಿಸುವುದು, ಸುರುಳಿಯನ್ನು ಬಾಗಿಲಾಚೆ ನೂಕುವುದು. ಡ್ರೈವರಿನ ಕಡೆಯ ಗೋಡೆಯಿಂದ ಹಿಡಿದು ಬಾಗಿಲಿನ ಕಡೆಗೆ ಹಿಂದೆ ಹಿಂದೆ ಸರಿಯುತ್ತ ಬರಬೇಕು. ಒಂದು ಪಟ್ಟಿಗೆ ಒಂದು ತಾಸಿನ ಮೇಲಾಗುತ್ತಿತ್ತು. ಭುಜ ಕಳಚಿ ಬೀಳುವ ಹಾಗೆ ನೋಯುತ್ತಿತ್ತು.

ಮೊದಲನೆಯ ಪಟ್ಟಿ ಮುಗಿಸಿ ದಣಿದು, ಏನಾದರೂ ಹಿಡಿದುಕೊಳ್ಳೋಣವೆಂದು ನೋಡದೆಯೇ ಬಲಗೈ ಚಾಚಿದೆ. ಕೈಗೊಂದು ಹಿತ್ತಾಳೆಯ ಹಿಡಿಕೆ ಸಿಕ್ಕಿತು. ಗೋಡೆಯಲ್ಲಿ, ನೆಲದಿಂದ ಒಂದೂವರೆ ಮೊಳ ಎತ್ತರದಲ್ಲಿ, ಕೂತವರ ಭುಜಕ್ಕೆ ಸರಿಯಾಗಿ. ಅದನ್ನು ಹಿಡಿದು ಮೈ ಎತ್ತಿ ಈಚೆ ಸರಿದೆ. ಇನ್ನೊಂದು ಪಟ್ಟಿ ಮುಗಿಯಿತು, ಕೈ ಚಾಚಿದೆ, ಅಲ್ಲೂ ಒಂದು ಹಿಡಿಕೆ. ಕಿತ್ತಲಿ ಇಡಲು ಜಾಗ ಹುಡುಕಿದರೆ ಮೊಣಕೈ ಪಕ್ಕದಲ್ಲೇ ಒಂದು ಚಿಕ್ಕ ಹಲಗೆ. ಸೆರಗು ಸಿಕ್ಕಿಸಲು ಒಂದು ಗೂಟ. ನಾನು ಬೇಕೆಂದುಕೊಳ್ಳುವುದಕ್ಕೂ ವಸ್ತು ಅಲ್ಲಿರುವುದಕ್ಕೂ ತಾಳೆಯಾಗುತ್ತಿತ್ತು. ಮೊದಲು ಖುಷಿಯಾಯಿತು. ಆಮೇಲೆ ಕೈ ಚಾಚಲು ಸ್ವಲ್ಪ ಹೆದರಿಕೆಯಾಗತೊಡಗಿತು, ಯಾಕೆಂದರೆ ಒಂದು ಸಲವೂ ತಪ್ಪಲಿಲ್ಲ.

ಮಂಚದ ಬದಿಗೆ ಗೋಡೆಯ ಮೇಲೆ ಒಂದು ಪುಟ್ಟ ಪರದೆ ಇತ್ತು. ಕಿಟಕಿ ಇರಬೇಕೆಂದು ಸರಿಸಿದೆ. ಎದುರಿಗೆ ಒಬ್ಬ ಹೆಂಗಸು, ಕೂದಲ ತುಂಬ ಕೆಂಪು ಧೂಳು, ನನ್ನ ಕಣ್ಣಿಗೆ ಕಣ್ಣಿಟ್ಟು ನೋಡುತ್ತಿದ್ದಳು. ಕನ್ನಡಿ ಅದು. ನನ್ನದೇ ಮುಖ ಎಂದು ತಿಳಿಯಲು ನಾಲ್ಕು ಉಸಿರು ಬೇಕಾಯಿತು. ನಗಬೇಡಿ. ನಮ್ಮ ಮನೆಯ ಕನ್ನಡಿ ನಿಂತವರಿಗಾಗಿ ಮೊಳೆ ಹೊಡೆದದ್ದು. ಕೂತಲ್ಲಿಂದ ಅದರಲ್ಲಿ ನನಗೆ ಜಂತಿ ಕಾಣುತ್ತಿತ್ತು. ನೆಲದ ಮೇಲೆ ಕೂತು ಕನ್ನಡಿಯಲ್ಲಿ ಪೂರ್ತಿ ಮುಖ ಕಂಡದ್ದು ಅದೇ ಮೊದಲು.

ಮೂರನೆಯ ದಿನ ನೆಲದ ಅರ್ಧ ಬತ್ತಲಾಯಿತು. ಸಾಗವಾನಿ ಹಲಗೆ. ಒದ್ದೆ ಅರಿವೆಯಿಂದ ಅಂಟು ಒರೆಸಿದಾಗ ಅದರ ಮೇಲೆ ಏನೋ ಕಂಡಿತು. ಎರಡು ಸಾಲು ಗುಂಡಗಿನ ತಗ್ಗುಗಳು, ನುಣ್ಣಗೆ ಹೊಳೆಯುವಂಥವು, ಒಂದರ ಮುಂದೊಂದು. ಎರಡು ಸಾಲಿನ ನಡುವೆ ಉದ್ದಕ್ಕೂ ಸವೆದ ಒಂದು ದಾರಿ. ಮಂಚದಿಂದ ಬೋಗುಣಿಗೆ, ಬೋಗುಣಿಯಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿನ ಕಡೆಗೆ. ನಾನು ಬಹಳ ಹೊತ್ತು ನೋಡುತ್ತ ಕೂತೆ. ನಮ್ಮ ಅಡಿಗೆಮನೆಯ ಸೆಗಣಿ ಸಾರಿಸಿದ ನೆಲದಲ್ಲಿ ಇಂಥದೇ ಗುರುತು ಇತ್ತು, ನನ್ನದು. ಒಂದು ತಗ್ಗಿನಲ್ಲಿ ಬಲ ಅಂಗೈ ಇಟ್ಟೆ. ಇನ್ನೊಂದರಲ್ಲಿ ಎಡದ್ದು. ಅಳತೆ ತೆಗೆದು ಮಾಡಿದಂತೆ ಕೂತವು. ಹೊರಗೆ ಬಿಸಿಲು ಸುರಿಯುತ್ತಿತ್ತು, ತುಕಾರಾಮ ಗರಗಸ ಎಳೆಯುತ್ತಿದ್ದ. ನನ್ನ ಕತ್ತಿನ ಹಿಂದೆ ಮಾತ್ರ ತಣ್ಣಗಾಗಿತ್ತು.

ಯಾರನ್ನೋ ಇದರೊಳಗೆ ಕೂಡಿಹಾಕಿದ್ದರು ಎಂದುಕೊಂಡೆ. ನಿಮಗೂ ಹಾಗೇ ಅನ್ನಿಸಿರಬೇಕು. ಬಾಗಿಲ ಚೌಕಟ್ಟಿಗೆ ಒಂದು ಗೇಣು ಹೊಸ ಕಟ್ಟಿಗೆಯ ತೇಪೆ ಇತ್ತು. ಅಂದರೆ ಬಾಗಿಲು ಒಡೆದಿದ್ದಾರೆ. ಹೊರಗಿನ ಚಿಲಕ ನೋಡಬೇಕೆಂದು ಬಾಗಿಲವರೆಗೆ ಸರಿದು ಬಗ್ಗಿ ನೋಡಿದೆ. ಹೊರಗೆ ಚಿಲಕ ಇರಲಿಲ್ಲ, ಎಂದೂ ಇದ್ದ ಗುರುತೂ ಇರಲಿಲ್ಲ. ಚಿಲಕ ಒಳಗಿತ್ತು. ಕೂತವರ ಕೈಗೆ ಎಟುಕುವಷ್ಟು ಕೆಳಗೆ.

ಶನಿವಾರ ಮಧ್ಯಾಹ್ನ, ಬಾಗಿಲ ಹತ್ತಿರ ಒಂದೇ ಒಂದು ಪಟ್ಟಿ ಉಳಿದಿತ್ತು. ಅಣ್ಣ, ಕೆಲಸಗಾರರು ಊಟಕ್ಕೆ ಹೋಗಿದ್ದರು. ದಾದೂ ಮಾಮಾ ಮೆಟ್ಟಿಲ ಹತ್ತಿರ ಬಂದು ನಿಂತರು.

“ಅಕ್ಕಾ, ಹಲಗಿ ಕಾಣಾಕತ್ತೇತೇನ್ರಿ?”

“ಕಾಣಾಕತ್ತೇತಿ ಮಾಮಾ. ಇದರಾಗ ಯಾರಿದ್ರು?”

ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. “ತಾಯಿಸಾಹೇಬ್ರು. ಸರದಾರರ ತಂಗಿ. ಸಣ್ಣಾಕಿ ಇದ್ದಾಗನ ಕಾಲು ಹೋಗಿದ್ದು ಅವರ್ವು. ಊರು ನೋಡಬೇಕಂತ ಭಾಳ ಆಶಾ. ತಾವಾ ಅಳತಿ ಕೊಟ್ಟು ಈ ಮೋಟಾರ್ ಮಾಡಿಸ್ಕೊಂಡ್ರು. ಹದಿನೈದು ವರ್ಷ ತಿರಿಗಿಸೇನ್ರಿ ನಾ. ಪಂಢರಪುರ, ಗೋಕರ್ಣ, ಎಲ್ಲಾ ನೋಡ್ಯಾರ. ಅವರನ್ನ ಮಾತ್ರ ಯಾರೂ ನೋಡಿಲ್ಲ.”

“ಇಳೀತಿರಲಿಲ್ಲೇನು?”

“ಇಲ್ರಿ. ಪರದೇ ಸಂದ್ಯಾಗಿಂದ ನೋಡೂದು. ಇಳೀರಿ ಅಂತ ಸರದಾರ್ರೂ ಹೇಳತಿದ್ರು, ನಾನೂ ಹೇಳತಿದ್ನಿ. ನಾ ಇಳಿದ್ರ ಮಂದಿ ಊರು ನೋಡೂದು ಬಿಟ್ಟು ನನ್ನ ನೋಡ್ತಾರ ದಾದೂ, ಅಂತಿದ್ರು. ಮೊದಲ ಬರೇ ಹಲಗಿ ಇತ್ತರಿ. ಒಂದು ಲಗ್ನದಾಗ ಮೋಟಾರ್ ನಿಲ್ಲಿಸಿದ್ವಿ. ಒಳಗ ಅವರು ಸರದಾಡೂ ಸಪ್ಪಳ ಕೇಳಿ ಹೊರಗ ಹೆಣ್ಮಕ್ಕಳು, ಸರದಾರ್ರು ಒಳಗ ಕರಡಿ ಸಾಕ್ಯಾರ ಅಂತ ನಕ್ರು. ಮರುವಾರ ಗಾಲೀಚಾ ಬಂತು. ತಾವಾ ನಿಂತು, ಅಲ್ಲ, ಕುಂತು ಹಾಕಿಸಿದ್ರು. ಆಮ್ಯಾಲ ಸಪ್ಪಳಿಲ್ಲ.”

ಅವರು ಮೋಟಾರಿನ ಕೆಳಗೆ ಕೈ ತೋರಿಸಿದರು.

“ಕಾಗಲದ ಹತ್ರ ಇನ್ನೊಂದು ಲಗ್ನ. ಬ್ಯಾಸಗಿ. ನಾ ಮೋಟಾರ್ ಬುಡಕ ನೆರಳಿಗೆ ಮಲಗಿದ್ನಿ. ನಡುವ ಒಂದ ಹಲಗಿ, ಅವರು ಅದರ ಮ್ಯಾಲ, ನಾ ಅದರ ಕೆಳಗ. ಹಲಗಿ ಸಪ್ಪಳಾತು. ಮೆತ್ತಗ. ದಬ್, ದಬ್. ಹೊರಗ ಲಗ್ನದ ಹಲಗಿವಾದ್ಯದ ಮೇಳದವರು ಬಾರಸಾಕತ್ತಿದ್ರು. ತಾಯಿಸಾಹೇಬ್ರು ತಾಳ ಹಾಕಾಕತ್ತಾರ, ಇವತ್ತ ಖುಷಿಯಾಗ್ಯಾರ ಅಂದುಕೊಂಡ್ನಿ. ಮಲಕೊಂಡಲ್ಲೇ ನಾನೂ ಕಾಲು ಕುಣಿಸಿದ್ನಿ.” ಅವರ ದನಿ ಏರಲೂ ಇಲ್ಲ, ಒಡೆಯಲೂ ಇಲ್ಲ. “ಸಂಜೀಕ ಬಾಗಲಾ ಒಡದ್ವಿ. ಒಳಗಿಂದ ಚಿಲಕ ಹಾಕಿತ್ತಲ್ಲ. ಜೀವ ಹೋಗಿತ್ತರಿ, ಕೈ ಹಾಂಗ ನೆಲದ ಮ್ಯಾಲ ಚಾಚಿತ್ತು.”

ನಾನು ಕೈಯಲ್ಲಿದ್ದ ಚೂರಿಯನ್ನು ಕೆಳಗಿಟ್ಟೆ.

“ಅಕ್ಕಾ, ಒಂದು ಕೆಲಸ ಮಾಡ್ರಿ,” ಎಂದರು ಅವರು. “ನಾ ಬುಡಕ ಮಲಗ್ತೀನಿ. ನೀವು ಮೊದಲ ಬರೇ ಹಲಗಿ ಮ್ಯಾಲ ಬಡೀರಿ, ಆಮ್ಯಾಲ ಉಳದ ಗಾಲೀಚಾದ ಮ್ಯಾಲ. ಗಾಲೀಚಾ ಇರದಿದ್ರ ನಾ ಎದ್ದು ಹೋಗ್ತಿದ್ನ್ಯೋ ಇಲ್ಲೋ, ಅದೊಂದು ನನಗ ಗೊತ್ತಾಗಬೇಕಾಗೇತಿ.”

ಅವರು ಬಗ್ಗಿ ಕೆಳಗೆ ಹೋದರು. ಧೂಳಿನಲ್ಲಿ ಮೈ ಚಾಚಿದ ಸದ್ದಾಯಿತು. ನಾನು ಬರಿ ಹಲಗೆಯ ಮೇಲೆ ಅಂಗೈಯಿಂದ ಮೂರು ಸಲ ಬಡಿದೆ. ಬಾಗಿಲು ತಟ್ಟಿದಂತೆ ಠಪ್ ಠಪ್ ಎಂದಿತು.

“ಹೌದು,” ಎಂದರು ಕೆಳಗಿನಿಂದ. “ಎದ್ದು ಹೋಗ್ತಿದ್ನಿ. ಈಗ ಅದರ ಮ್ಯಾಲ.”

ಉಳಿದ ಪಟ್ಟಿಯ ಮೇಲೆ ಬಡಿದೆ. ದಬ್. ದಬ್. ದಬ್. ದಬ್. ಗಾಲೀಚಾ ನನ್ನ ಪೆಟ್ಟನ್ನು ನುಂಗಿಕೊಂಡಿತು.

“ಹಾಂ. ಇದ. ಇದ ಸಪ್ಪಳ. ಸಾಕು ಅಕ್ಕಾ.”

ನಾನು ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಅಂಗೈ ಚುರುಗುಡುತ್ತಿತ್ತು.

“ಸಾಕು ಅಂದ್ನೆಲ್ಲರಿ,” ಎಂದರು ದಾದೂ ಮಾಮಾ ಕೆಳಗಿನಿಂದ. ಇನ್ನೂ ಸ್ವಲ್ಪ ತಡೆದು, ಬೇಡಿಕೊಳ್ಳುವ ದನಿಯಲ್ಲಿ, “ಅಕ್ಕಾ, ನಿಲ್ಲಸ್ರಿ.”

ನನ್ನ ಎರಡೂ ಕೈಗಳು ತೊಡೆಯ ಮೇಲಿದ್ದವು. ನಾನು ಅವನ್ನು ನೋಡಿದೆ. ಅವು ಅಲುಗುತ್ತಿರಲಿಲ್ಲ.

“ನಿಲ್ಲಿಸಿದ್ನಿ ಮಾಮಾ,” ಎಂದೆ. ಆಗ ಅವರು ನಿಟ್ಟುಸಿರು ಬಿಟ್ಟು ಹೊರಗೆ ಬಂದು ಅಂಗಿಯ ಧೂಳು ಕೊಡವಿಕೊಂಡರು. ನಾನು ಯಾವಾಗ ನಿಲ್ಲಿಸಿದೆ ಎಂದು ಅವರಿಗೆ ಹೇಳಲಿಲ್ಲ. ಅದನ್ನು ತಿಳಿದು ಆ ಮನುಷ್ಯನಿಗೆ ಏನು ಆಗಬೇಕಿತ್ತು.

ಮರುದಿನ ಭಾನುವಾರ ಕಮಲಿಯನ್ನು ನೋಡಲು ಕೊಲ್ಹಾಪುರದಿಂದ ಬರುವವರಿದ್ದರು. ಇಲ್ಲಿ ನನ್ನದೊಂದು ಗುಣ ಹೇಳಬೇಕು. ಮನೆಗೆ ಇಂಥ ಮಂದಿ ಬಂದಾಗ ನಾನು ಹಿತ್ತಲ ಕೋಣೆಯಲ್ಲಿ ಕೂತುಬಿಡುತ್ತಿದ್ದೆ. ಯಾರೂ ಹಾಗೆ ಹೇಳುತ್ತಿರಲಿಲ್ಲ. ನನಗೇ ಏನೋ ಒಂದು ಕೆಲಸ ನೆನಪಾಗುತ್ತಿತ್ತು. ಅಕ್ಕನ ಕಾಲು ನೋಡಿ ತಂಗಿಯ ಕಾಲನ್ನೂ ಬಗ್ಗಿ ಬಗ್ಗಿ ನೋಡುವವರು ಇರುತ್ತಾರೆ. ಇದನ್ನು ನಾನು ತ್ಯಾಗ ಎಂದು ಕರೆದುಕೊಳ್ಳುತ್ತಿದ್ದೆ. ಒಳ್ಳೆಯ ಶಬ್ದ, ರತ್ನಗಂಬಳಿಯ ಜಾತಿಯದು. ಆ ಭಾನುವಾರವೂ ಬೆಳಗ್ಗೆ, “ಮೋಟಾರ್ನಾಗ ಒಂದು ಪಟ್ಟಿ ಉಳದೈತಿ, ನಾ ಅಲ್ಲೇ ಇರ್ತೀನಿ,” ಎಂದೆ. ಅವ್ವನ ಮುಖ ಸಡಿಲಾದದ್ದು ಕಂಡಿತು. ಅವಳು ಅದನ್ನು ಮುಚ್ಚಲೆಂದು, “ಇವತ್ತೂ ಯಾತಕ್ಕ ದಣೀತೀಯವಾ,” ಎಂದಳು.

ಹನ್ನೊಂದರ ಸುಮಾರಿಗೆ ಅವರು ಬಂದರು. ಹುಡುಗ, ಅವನ ತಂದೆ, ಸೋದರತ್ತೆ. ಮನೆಯೊಳಗೆ ಸೆಕೆಯೆಂದು ಅಂಗಳದ ಬೇವಿನ ನೆರಳಿಗೇ ಚಾಪೆ ಹಾಸಿದ್ದರು. ಮೋಟಾರಿನಿಂದ ಹತ್ತು ಮಾರು. ನಾನು ಉಳಿದ ಪಟ್ಟಿಯ ಮೇಲೆ, ಸಪ್ಪಳವಾಗದ ಜಾಗದಲ್ಲಿ, ಕಾಲು ಮಡಿಸಿ ಕೂತು ಪರದೆಯ ಸಂದಿಯಿಂದ ನೋಡುತ್ತಿದ್ದೆ. ಕಮಲಿ ಅವಲಕ್ಕಿ ತಂದಿಟ್ಟಳು. ಹಸಿರು ಸೀರೆಯಲ್ಲಿ ಚೆನ್ನಾಗಿ ಕಾಣುತ್ತಿದ್ದಳು. ಹುಡುಗನ ಅತ್ತೆ ಮರಾಠಿಯಲ್ಲಿ ಏನೋ ಕೇಳಿದರು, ಅವಳು ಸರಿಯಾಗಿ ಉತ್ತರ ಕೊಟ್ಟಳು. ನನಗೆ ಹಿಗ್ಗಾಯಿತು. ಎಷ್ಟು ಚೆನ್ನಾಗಿ ಕಾಣುತ್ತದೆ ಇಲ್ಲಿಂದ, ಎಲ್ಲವೂ, ಎಂದುಕೊಂಡೆ. ಹಾಗೆ ಅಂದುಕೊಂಡ ಮೇಲೆ ನನ್ನ ಕೈ ಎಲ್ಲಿದೆ ಎಂದು ನೋಡಿದೆ. ಕೈ ಚಿಲಕದ ಮೇಲಿತ್ತು. ಚಿಲಕ ಹಾಕಿತ್ತು. ಯಾವಾಗ ಹಾಕಿದೆನೋ ನನಗೆ ನೆನಪಿರಲಿಲ್ಲ.

ಆಗ ಅಂಗಳದಲ್ಲಿ ಆ ಅತ್ತೆ ಕತ್ತು ಹೊರಳಿಸಿ ಮೋಟಾರಿನ ಕಡೆ ನೋಡಿದರು.

“ಅಲ್ಲಿ ಏನ್ರಿ ಅದು ಸಪ್ಪಳ? ಒಳಗ ಯಾರರ ಅದಾರೇನು?”

ನಾನು ಉಸಿರನ್ನೂ ಬಿಟ್ಟಿರಲಿಲ್ಲ. ಗಾಲೀಚದ ಮೇಲೆ ಕಲ್ಲಿನಂತೆ ಕೂತಿದ್ದೆ. ನನ್ನ ಬೆನ್ನ ಹಿಂದೆ ಬರಿ ಹಲಗೆ, ಅದರ ಮೇಲೆ ಯಾರೂ ಇರಲಿಲ್ಲ. ತಿರುಗಿ ನೋಡಿ ಹೇಳುತ್ತಿಲ್ಲ. ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಅಣ್ಣ ಒಂದು ಕ್ಷಣ ತಡವರಿಸಿದ. ಆಮೇಲೆ, “ಯಾರಿಲ್ರಿ,” ಎಂದ. “ಹೆಗ್ಗಣ ಹೊಕ್ಕಿರಬೇಕು.”

ಅಣ್ಣ ಕೆಟ್ಟವನಲ್ಲ. ಜಾತ್ರೆ, ಸಿನಿಮಾ, ದವಾಖಾನೆ, ಎಲ್ಲೆಂದರಲ್ಲಿ ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದವನು. ನಾನೇ ಒಳಗೆ ಕೂತುಕೊಂಡಿದ್ದೆ. ಅವನು ನನ್ನ ಮಾತನ್ನೇ ಬಾಯಿಬಿಟ್ಟು ಹೇಳಿದ, ಅಷ್ಟೇ. ಅವನ ಬಾಯಿಂದ ಕೇಳಿದಾಗ ಮಾತ್ರ ಅದು ನನ್ನ ಮಾತಿನ ಹಾಗೆ ಇರಲಿಲ್ಲ. ಹೊರಗೆ ಎಲ್ಲರೂ ನಕ್ಕರು. ಕಮಲಿ ನಗಲಿಲ್ಲ. ಚಪ್ಪರದ ಕೆಳಗಿದ್ದ ದಾದೂ ಮಾಮಾ ಎದ್ದು ನಿಂತಿದ್ದರು. ಅವರ ಮುಖ ಬೂದಿಯಂತಾಗಿತ್ತು, ಕಣ್ಣು ಮೋಟಾರಿನ ತಳದ ಮೇಲಿತ್ತು.

ನಾನು ಚಿಲಕ ತೆಗೆದೆ. ಬಾಗಿಲು ನೂಕಿದೆ. ಮೋಟಾರಿನಿಂದ ನಾನು ಇಳಿಯುವ ರೀತಿ ನೋಡುವಂಥದ್ದಲ್ಲ. ಹಿಂದುಮುಂದಾಗಿ, ಒಂದೊಂದೇ ಮೆಟ್ಟಿಲಿಗೆ ಕುಂಡಿ ಊರುತ್ತ, ಕಾಲನ್ನು ಕೈಯಿಂದ ಎತ್ತಿ ಇಡುತ್ತ. ಕೂದಲಲ್ಲಿ ಕೆಂಪು ಧೂಳು, ಸೀರೆಯ ತುಂಬ ಅಂಟು. ಚಾಪೆಯ ಅಂಚಿನವರೆಗೆ ಸರಿದು ಹೋಗಿ ಕೂತೆ.

“ಹೆಗ್ಗಣಲ್ರಿ,” ಎಂದೆ. “ನಾನು. ಗಂಗಾ ಅಂತ, ಕಮಲೀ ಅಕ್ಕ. ಒಳಗಿನ ಗಾಲೀಚಾ ಕೀಳಾಕತ್ತಿದ್ನಿ.”

ಅತ್ತೆ ನನ್ನ ಕಾಲು ನೋಡಿದರು, ಕಮಲಿಯ ಕಾಲು ನೋಡಿದರು. “ಹುಟ್ಟಿದಾಗಿಂದನ?” ಎಂದು ಮೆಲ್ಲಗೆ ಕೇಳಿದರು.

“ಇಲ್ರಿ, ಜ್ವರ ಬಂದಿತ್ತು.”

ಅವಲಕ್ಕಿ ತಿಂದರು, ಚಹಾ ಕುಡಿದರು, ಬಹಳ ಮರ್ಯಾದೆಯಿಂದ ಹೋದರು. ಹತ್ತು ದಿನಕ್ಕೆ ಜಾತಕ ಕೂಡಿಬರಲಿಲ್ಲವೆಂದು ಕಾರ್ಡು ಬಂತು. ನಾವು ಜಾತಕ ಕೊಟ್ಟೇ ಇರಲಿಲ್ಲ.

ಕಮಲಿ ನನ್ನ ಸಂಗಡ ಒಂದು ತಿಂಗಳು ಮಾತಾಡಲಿಲ್ಲ. ಅದು ನ್ಯಾಯವೇ. ಅವಳ ಬದುಕಿನ ಲೆಕ್ಕದಲ್ಲಿ ನಾನು ಕೈ ಹಾಕಿದ್ದೆ. ನನಗೂ ಎಷ್ಟೋ ಸಲ ಅನ್ನಿಸಿತು, ಇನ್ನರ್ಧ ತಾಸು ಸುಮ್ಮನೆ ಕೂತಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು. ಅಷ್ಟರಲ್ಲೇ ಆ ಕೈ, ಚಿಲಕದ ಮೇಲಿದ್ದದ್ದು, ನೆನಪಾಗುತ್ತಿತ್ತು. ಅಣ್ಣ ಕ್ಷಮೆ ಗಿಮೆ ಕೇಳುವವನಲ್ಲ. ತಿಂಗಳೊಪ್ಪತ್ತಿನ ಮೇಲೆ ಒಂದು ದಿನ ಹಲಗೆಗೆ ಉಜ್ಜುಗೊರಡು ಹಿಡಿಯುತ್ತ, ತಲೆಯೆತ್ತದೆ, “ಗಂಗಾ, ಅವತ್ತ ನನ್ನ ಬಾಯಾಗ ಅದು ಹೆಂಗ ಬಂತೋ,” ಎಂದ.

“ಹುಲಿ ಅಂದಿದ್ರ ಚೊಲೋ ಇತ್ತಣ್ಣಾ,” ಎಂದೆ. ಅವನ ಉಜ್ಜುಗೊರಡು ನಿಂತಿತು.

ಮರುವರ್ಷ ಇಚಲಕರಂಜಿಯಿಂದ, ಮಗ್ಗದವರ ಮನೆಯಿಂದ ಕಮಲಿಗೆ ಇನ್ನೊಂದು ಕೇಳಿಕೆ ಬಂತು. ನಾನು ಅಭ್ಯಾಸ ಬಲದಿಂದ ಹಿತ್ತಲ ಕಡೆ ತಿರುಗಿದ್ದೆ. ಕಮಲಿ ನನ್ನ ಸೆರಗು ಹಿಡಿದು ಎಳೆದು ಚಾಪೆಯ ಮಧ್ಯದಲ್ಲಿ ಕೂರಿಸಿದಳು. ಬಂದವರ ಮುಂದೆ ನಿಂತು, ತಲೆ ತಗ್ಗಿಸದೆ, “ಮೊದಲ ನಮ್ಮಕ್ಕನ್ನ ನೋಡ್ರಿ,” ಎಂದಳು. “ಆಮ್ಯಾಲ ನನ್ನ ನೋಡೀರಂತ.” ಅವರು ನೋಡಿದರು. ಆ ಮನೆಗೇ ಅವಳು ಹೋದಳು.

ಅದಕ್ಕೂ ಮೊದಲೇ, ಆ ಭಾನುವಾರ ಕಳೆದ ಕೆಲವು ವಾರಗಳಲ್ಲಿ, ಮನೀ ಮೋಟಾರಿನ ಕೆಲಸ ಮುಗಿದು ಭೂಪಾಲಣ್ಣ ಅದನ್ನು ನೋಡಲು ಬಂದಿದ್ದರು. ಅವರು ಗೊತ್ತು ಮಾಡಿದ್ದ ಮಾರಾಟದ ಆಳು ಎತ್ತರದವನು. ಒಳಗೆ ಹೊಕ್ಕಾಗ ಒಮ್ಮೆ, ಹೊರಬೀಳುವಾಗ ಒಮ್ಮೆ ತಲೆ ಬಡಿಸಿಕೊಂಡ. ನಾನು ಒಳಗೆ ಹಿಡಿಕೆಯಿಂದ ಹಿಡಿಕೆಗೆ ಸರಿಯುತ್ತ ಸೀರೆಯಿಡುವ ಫಳಿಗಳನ್ನು ಒರೆಸುತ್ತಿದ್ದೆ. ಭೂಪಾಲಣ್ಣ ಬಹಳ ಹೊತ್ತು ನೋಡಿ, “ಗಂಗಾಬಾಯಿ, ನೀವಾ ಯಾಕ ಬರಬಾರದು?” ಎಂದರು. “ಸೀರಿ ಮಾರೂದು ಕುಂತ ಮಾಡೂ ಕೆಲಸರಿ.” ಅವ್ವ ಬೇಡವೆಂದಳು. ಅಣ್ಣ ಹೋಗಲಿ ಎಂದ. ಹಾಗೆ ನಾನು ಇಪ್ಪತ್ತಾರನೆಯ ವಯಸ್ಸಿನಲ್ಲಿ ಊರು ನೋಡಲು ಹೊರಟೆ. ಬಾಗಿಲು ತೆರೆದಿಟ್ಟುಕೊಂಡು, ಹೊಸ್ತಿಲಲ್ಲೇ ಕೂತು, ಸೀರೆ ಬಿಚ್ಚಿ ಬಿಚ್ಚಿ ತೋರಿಸಿದೆ. ಉತ್ತೂರದ ಹೆಂಗಸರು ಮೊದಲ ವಾರ ನನ್ನ ಕಾಲನ್ನು ನೋಡಿದರು, ಎರಡನೆಯ ವಾರ ಸೀರೆಯ ಅಂಚನ್ನು ನೋಡಿದರು. ಮೂರನೆಯ ವಾರ ಚೌಕಾಶಿಗೆ ನಿಂತರು. ಚಂದಗಡದಲ್ಲಿ ಮಳೆಗೆ ಸಿಕ್ಕು ಎರಡು ದಿನ ಸಂತೆಯಲ್ಲೇ ಉಳಿದದ್ದೂ ಉಂಟು. ಒಳಗೆ ಓಡಾಡುವಾಗ ಹಲಗೆಯ ಮೇಲೆ ನನ್ನ ಸಪ್ಪಳ ಧಾರಾಳವಾಗಿ ಕೇಳುತ್ತಿತ್ತು. ಮೊದಲ ದಿನಗಳಲ್ಲಿ ದಾದೂ ಮಾಮಾ ಅದಕ್ಕೆ ಬೆಚ್ಚುತ್ತಿದ್ದರು. ಆಮೇಲೆ ಅದು ಕೇಳಿಸದಿದ್ದರೆ ಮೋಟಾರು ನಿಲ್ಲಿಸಿ, “ಅಕ್ಕಾ, ಅದೀರಿಲ್ಲೋ?” ಎಂದು ಕೂಗುತ್ತಿದ್ದರು.

ಒಂದು ಸಂಜೆ, ಬಿಸಿಲು ಇನ್ನೂ ಇತ್ತು, ಚಂದಗಡದಿಂದ ಮರಳುತ್ತಿದ್ದೆವು. ಗಡಹಿಂಗ್ಲಜದ ಸುಂಕದ ಕಟ್ಟೆಯಲ್ಲಿ, ಜಕಾತಿ ನಾಕೆಯಲ್ಲಿ, ಹೊಸ ಗುಮಾಸ್ತನೊಬ್ಬ ಅಡ್ಡಗಳೆ ಇಳಿಸಿ ಮೋಟಾರು ತಡೆದ. ಮುಂದಿನ ಕಿಟಕಿಯ ಹತ್ತಿರ ಹೋಗಿ, “ಆತ ಕೋಣ ಆಹೆ?” ಎಂದು ಕೇಳಿದ್ದು ನನಗೆ ಕೇಳಿಸಿತು. ಒಳಗೆ ಯಾರಿದ್ದಾರೆ.

“ದೋಘೀ ಆಹೇತ ಸಾಹೇಬ,” ಎಂದರು ದಾದೂ ಮಾಮಾ, ದಿನದ ಮಾತಿನ ಹಾಗೆ. ಇಬ್ಬರು ಹೆಂಗಸರಿದ್ದಾರೆ ಸಾಹೇಬರೆ.

ಗುಮಾಸ್ತ ಹಿಂದಕ್ಕೆ ಬಂದ. ತೆರೆದ ಬಾಗಿಲಲ್ಲಿ ತಲೆ ಹಾಕಿ ನನ್ನನ್ನು ನೋಡಿದ, ಸೀರೆಯ ಗಂಟುಗಳನ್ನು ನೋಡಿದ, ನನ್ನ ಹಿಂದೆ ಮಂಚವಿದ್ದ ಮೂಲೆಯ ಕಡೆಗೂ ನೋಡಿದ. ಹೆಂಗಸರಿದ್ದಾರೆಂದು ಸಂಕೋಚಪಟ್ಟವನಂತೆ ಕಣ್ಣು ತಗ್ಗಿಸಿ ಅಡ್ಡಗಳೆ ಎತ್ತಲು ಹೋದ.

ಮೋಟಾರು ಮುಂದೆ ಸರಿಯಿತು. ನಾನು ಹಿಂದೆ ನೋಡಲಿಲ್ಲ. ಹೊಸ್ತಿಲ ಪಕ್ಕದ ಗಂಟನ್ನು ಈಚೆ ಎಳೆದುಕೊಂಡು, ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು, ಸ್ವಲ್ಪ ಸರಿದು ಕೂತೆ.